ಒಪ್ಪಿಗೆ ಪತ್ರದಲ್ಲಿ ಸಿಕ್ಕಿದ ನಾಲ್ಕನೇ ಮಾಳಿಗೆ

ಸ್ನೇಹಿತರೇ, ಇವತ್ತು ಕೆಲಸ ಮುಗಿಸಿ ಕಂಪನಿ ಬಸ್ಸಿನಲ್ಲಿ ಕುವೈತಿನ ಮಂಗಫ್‌ನಲ್ಲಿರುವ ಮನೆಗೆ ಮರಳುವಾಗ ಮಂಗಳೂರಿನ ವಕೀಲರ ಫೋನ್ ಬಂತು. ನಾವು ಅಲ್ಲಿ ಕೊಳ್ಳಲಿರುವ ಫ್ಲ್ಯಾಟಿನ ಜಾಗ ಒಂದು ಟ್ರಸ್ಟಿನದು, ತೊಂಬತ್ತೊಂಬತ್ತು ವರ್ಷದ ಲೀಸ್. ಟ್ರಸ್ಟಿನ ಒಪ್ಪಿಗೆ ಪತ್ರವಿಲ್ಲದೆ ನೋಂದಣಿ ಆಗದು. ಅದಕ್ಕಾಗಿ ಎಂಟು ತಿಂಗಳಿಂದ ಕಾಯುತ್ತಿದ್ದೆವು.

“ಪತ್ರ ಬಂತು ಮಾರಾಯ್ರೆ. ಆದ್ರೆ ನಿಮ್ಮ ಫ್ಲ್ಯಾಟ್ ನಂಬರ್ ಇನ್ನೂರ ನಾಲ್ಕರ ಬದಲು ನಾನೂರ ಎರಡು ಅಂತ ಬರೆದಿದ್ದಾರೆ. ತಿದ್ದಲಿಕ್ಕೆ ಅವರ ಮುಂದಿನ ಮೀಟಿಂಗ್ ಆಗ್ಬೇಕು. ಇನ್ನೂ ಮೂರು ತಿಂಗಳು.”

“ಹಾಗಾದ್ರೆ ನಾನೂರ ಎರಡನ್ನೇ ಕೊಡಿ!” ಎಂದು ರೇಗಿದೆ.

“ಅದರಲ್ಲಿ ಒಬ್ಬರು ಡಾಕ್ಟರ್ ಇದ್ದಾರಲ್ಲ.”

ಫೋನಿಟ್ಟು ಕಣ್ಣು ಮುಚ್ಚಿದೆ. ಕಿಟಕಿಯಾಚೆಯ ಮರಳು, ಬಿಸಿಲು ಎಲ್ಲ ಕರಗಿತು. ಇನ್ನೂರ ನಾಲ್ಕನ್ನು ದಾಟಿ ನಾನು ಮೆಟ್ಟಿಲು ಹತ್ತುತ್ತಲೇ ಇದ್ದೆ. ಮೇಲೆ ಬಾಗಿಲು ತೆರೆದಿತ್ತು, ಪರದೆಗಳು ಗಾಳಿಗೆ ಉಬ್ಬಿದ್ದವು. ಡ್ರೈವರ್ “ಯಲ್ಲಾ ಭಾಯಿ, ಉತರೋ!” ಎಂದು ಇಳಿಯಲು ಕೂಗಿದಾಗಲೇ ಎಚ್ಚರ.

ಮನೆಗೆ ಬಂದು ಹೆಂಡತಿ ಲವೀನಾಗೆ ಪತ್ರದ ತಪ್ಪನ್ನೂ ಬಸ್ಸಿನಲ್ಲಿ ಕಂಡ ಕನಸನ್ನೂ ಹೇಳಿದೆ. ಅತ್ತೇಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದಳು: “ನಾಲ್ಕನೇ ಮಾಳಿಗೆಯಿಂದ ಸಮುದ್ರ ಕಾಣ್ತದಾ?”

“ಕಾಣ್ತದೆ.”

“ಹಾಗಾದ್ರೆ ಮೂರು ತಿಂಗಳು ಅಲ್ಲೇ ಇರುವ.”

ದಯವಿಟ್ಟು ಯಾರೂ ಡಾಕ್ಟರಿಗೆ ಹೇಳಬೇಡಿ.