ರನ್‌ವೇ ಮೇಲಿನ ರಾಶಿ

ಹುಕ್ಕೇರಿ ಕಡೆಯ ಹಳೇ ಸರ್ಕಾರಿ ವಿಮಾನ ಮೈದಾನವನ್ನು ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಡ್ರೋನ್ ಹಾರಿಸಿ ನೋಡಲು ಲೀಜಿಗೆ ಹಿಡಿದಾಗ ಅಲ್ಲಿನ ಕಾವಲಿನ ಉಸ್ತುವಾರಿ ನನ್ನದು. ಬ್ರಿಟಿಷರ ಕಾಲದ ಆ ರನ್‌ವೇ ಮೇಲೆ ವಿಮಾನ ಇಳಿದದ್ದನ್ನು ಈಗಿನವರಾರೂ ಕಂಡಿಲ್ಲ. ಸುಗ್ಗಿಯಲ್ಲಿ ಅದು ಊರವರ ಕಣ. ಕಂಪನಿಯ ಸಾಹೇಬರು ಮೊದಲ ಡ್ರೋನ್ ಹಾರಿಸಲು ಬರುವ ದಿನವೇ ಶಾಂತವ್ವ ಎಂಬ ಅಜ್ಜಿ ನಟ್ಟನಡುವೆ ಜೋಳ ತೂರುತ್ತ ನಿಂತಿದ್ದಳು.

"ಆಯಿ, ಇದು ಈಗ ಕಂಪನೀದ ಐತ್ರಿ. ಲಗೂನ ತಗೀರಿ, ನನ್ನ ನೌಕರಿ ಹೋಗತೈತಿ."

"ತಡಿಯೋ ತಮ್ಮಾ, ಗಾಳಿ ಈಗರ ಬಿಟ್ಟೈತಿ."

ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಸಾಹೇಬರು ಬಾಯಿ ತೆರೆಯುವ ಮೊದಲೇ ಅಜ್ಜಿ ಮೊರದಲ್ಲಿ ಜೋಳ ತುಂಬಿಕೊಂಡು ಎದುರು ಹೋದಳು.

"ಬೂಟ ಅಲ್ಲೇ ಬಿಟ್ಟು ಬರ್ರಿ. ಏನರ ಹಿಡೀರಿ. ಕಣಕ್ಕ ಬಂದವರು ಬರಿಗೈಲೆ ಹೋಗಬಾರ್ದು."

ಸಾಹೇಬರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಆಮೇಲೆ ಅವರು ಬೂಟು ಕಳಚಿ, ತಲೆಯ ಮೇಲಿನ ಕಂಪನಿ ಟೋಪಿ ತೆಗೆದು ಒಡ್ಡಿದರು. ಕಾಳು ಇಸ್ಕೊಂಡ ಮೇಲೆ ಅಜ್ಜಿಯನ್ನು ಕಣದಿಂದ ಎಬ್ಬಿಸುವುದು ಹೇಗೆ?

"ರಾಶಿ ಮುಗಿಯಲಿ, ಡ್ರೋನ್ ನಾಳೆ ಹಾರಿಸೋಣ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಡ್ರೋನುಗಳು ಈಗಲೂ ಹಾರುತ್ತವೆ, ಕಂಪನಿಗೆ ಏನು ದಕ್ಕಿದೆಯೋ ಗೊತ್ತಿಲ್ಲ. ಆ ನೆಲದಿಂದ ಅವರಿಗೆ ಬಂದದ್ದು ಅಂತ ನಾನು ಕಣ್ಣಾರೆ ಕಂಡದ್ದು ಒಂದು ಟೋಪಿ ಜೋಳ.