ನೀರಿಗೆ ಬಿದ್ದ ಕಂಡಿಕೆಗಳು

ನಮ್ಮ ಮನೆಯಲ್ಲಿ ನೂಲಿಗೂ ಬೆಳಗಿನ ಸ್ನಾನವಿತ್ತು. ಮಗ್ಗದ ಲಾಳಿಯೊಳಗೆ ಕೂಡುವ ಸಣ್ಣ ಕಡ್ಡಿಗಳಿಗೆ ನೂಲು ಸುತ್ತಿದರೆ ಅದು ಕಂಡಿಕೆ. ಅಂದಂದಿನ ಕಂಡಿಕೆಗಳನ್ನು ನೀರಲ್ಲಿ ನೆನೆಸಿ ನೇಯ್ದರೆ ಬಟ್ಟೆ ಒತ್ತಾಗಿ ಬರುತ್ತದೆ. ಸುತ್ತುವವಳು ಅವ್ವ, ನೆನೆಹಾಕುವವಳು ಅಜ್ಜಿ, ನೇಯುವವನು ಅಪ್ಪ. ದಿನಕ್ಕೆ ಎಷ್ಟು ಮುಗಿದವೆಂದು ದಿನಚರಿಯಲ್ಲಿ ಬರೆಯುವವಳು ನಾನು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದರೂ ರಬಕವಿಯ ನಮ್ಮ ಓಣಿಯಲ್ಲಿ ಈ ಕ್ರಮ ಬದಲಾಗಿರಲಿಲ್ಲ.

ಆ ಮಾಘದಲ್ಲಿ ಅವ್ವ ಜ್ವರದಿಂದ ತೀರಿಕೊಂಡಳು. ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತು. ಅವಳು ಸುತ್ತಿಟ್ಟ ಕಡೆಯ ಕಂಡಿಕೆಗಳು ಬುಟ್ಟಿಯಲ್ಲೇ ಉಳಿದವು. "ಆ ಬುಟ್ಟಿ ಯಾರೂ ಮುಟ್ಟಬ್ಯಾಡ್ರಿ" ಎಂದ ಅಪ್ಪ. ದಿನವೂ ಮಗ್ಗದ ಮೆಟ್ಟುಗಳಿರುವ ಕುಣಿಯ ಅಂಚಿಗೆ ಕೂತು, ಕಾಲು ಇಳಿಬಿಡದೆ ಎದ್ದುಹೋಗುತ್ತಿದ್ದ. ನನಗೂ ಅವನ ಮಾತು ಸರಿಯೆನಿಸಿತ್ತು. ಅವ್ವನ ಹಸಿರು ಕುಬಸವನ್ನು ನಾನೂ ಹಾಗೇ ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ದಿನಚರಿಯಲ್ಲಿ ಕಂಡಿಕೆಯ ಜಾಗಕ್ಕೆ ಬರಿಯ ಗೆರೆ ಎಳೆಯುತ್ತಿದ್ದೆ.

ಯುಗಾದಿ ಕಳೆದ ಮೇಲೆ ಅಪ್ಪ ಊಟಕ್ಕೆ ಕೂತವನು ಹೇಳಿದ: "ಸೋಲಾಪುರದ ಗಿರಣಿಗೆ ಹೊಂಟೇನಿ. ಗುರುವಾರ ಬನಹಟ್ಟಿಯವ್ರು ಬಂದು ಮಗ್ಗ ಬಿಚ್ಚಿ ಒಯ್ತಾರ."

"ನಾವು?" ಎಂದೆ.

"ಅಜ್ಜೀನ ಕರಕೊಂಡು ಮುಧೋಳಕ್ಕ ಅತ್ತಿ ಮನಿಗೆ ಹೋಗು. ವರ್ಸಕ್ಕೊಮ್ಮೆ ಬಂದು ನೋಡ್ತೀನಿ."

"ಹೆಂಡ್ತಿ ಹ್ವಾದ್ಲಂತ ತಾಯಿನೂ ಮಗಳನೂ ಬಿಟ್ಟು ಹೊಂಟಿ ಏನಲೇ?" ಎಂದಳು ಅಜ್ಜಿ. ಅಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ.

ಮಗ್ಗ ಬಿಚ್ಚಲು ಅನುವಾಗಲೆಂದು ಮಂಗಳವಾರ ಅಪ್ಪನೇ ಆ ಬುಟ್ಟಿಯನ್ನು ಎತ್ತಿ ಬಚ್ಚಲ ಕಟ್ಟೆಯ ಮೇಲೆ ಇಟ್ಟ. ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋದ ಅಜ್ಜಿಯ ಕೈಗೆ ಅದು ಸಿಕ್ಕಿತು. ಅವಳ ಕಣ್ಣು ಮಂದ, ಕೈಗೆ ಮಾತ್ರ ಹಳೆಯ ರೂಢಿ. ಇದ್ದಷ್ಟು ಕಂಡಿಕೆಗಳನ್ನೂ ಹರವಿಯ ನೀರಿಗೆ ಸುರಿದುಬಿಟ್ಟಳು.

"ಏನ್ ಮಾಡಿದಿ ಯವ್ವಾ!" ಅಪ್ಪ ಓಡಿಬಂದ.

"ರೂಢಿಲೆ ಹಾಕಿಬಿಟ್ನೋ ಮಗನ. ಬೈತಿದ್ರ ಆಮ್ಯಾಲ ಬೈ. ಇವತ್ತ ನೇಯದಿದ್ರ ಒಳಗಿನ ಹಸಿ ಆರೂದಿಲ್ಲ, ನೂಲು ಮುಗ್ಗಿ ಹೊಕ್ಕೈತಿ. ಆಕಿ ಸುತ್ತಿದ್ದು ನೇಯಾಕ, ಪೂಜಿ ಮಾಡಾಕಲ್ಲ."

ಅಪ್ಪ ಹರವಿಯ ಮುಂದೆ ಕುಕ್ಕರಿಸಿ ಕೂತು ಕಂಡಿಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಒಂದು ಕಂಡಿಕೆ ಎತ್ತಿ, ನೀರು ಜಾಡಿಸಿ, ಕುಣಿಗೆ ಕಾಲು ಇಳಿಬಿಟ್ಟ.

ಮಗ್ಗದ ಸದ್ದು ಕೇಳಿ ನೆರೆಮನೆಯವರು ಗೋಡೆಯಾಚೆಯಿಂದ, "ಮಗ್ಗ ಮತ್ತ ಸುರು ಆತೇನ್ರಿ?" ಎಂದು ಕೂಗಿದರು. ಅಪ್ಪ ಲಾಳಿ ಓಡಿಸುತ್ತಲೇ ಇದ್ದ. ಅವ್ವನ ಕೈ ದಾಟಿ ಬಂದ ನೂಲು ಎಳೆಎಳೆಯಾಗಿ ಸೀರೆಯಾಗುವುದನ್ನು ನೋಡುತ್ತ ನಾನು ಅವಳ ರಾಟೆಯ ಮುಂದೆ ಕೂತು ಕಡ್ಡಿಗೆ ನೂಲು ಸುತ್ತತೊಡಗಿದೆ.

ಬಿಸಿಲು ಇಳಿಯುವಾಗ ಹರವಿ ಬರಿದಾಯಿತು. ಅಪ್ಪ ರೂಢಿಯಂತೆ ಪಕ್ಕಕ್ಕೆ ಕೈ ಚಾಚಿದ. ನಾನು ಸುತ್ತಿದ ಕಂಡಿಕೆಯನ್ನು ನೀರಲ್ಲಿ ಅದ್ದಿ ಆ ಕೈಗೆ ಇಟ್ಟೆ. ಲಾಳಿ ಎರಡು ಸಲ ಓಡಾಡುವಷ್ಟರಲ್ಲಿ ನೂಲು ಕಡ್ಡಿಯಿಂದ ಜಾರಿ ಗಂಟುಗಂಟಾಯಿತು.

"ಇದೇನಬೇ, ಕಂಡಿಕೀನೋ ಗುಬ್ಬಿ ಗೂಡೋ?" ಎಂದ ಅಪ್ಪ.

ಕಂಡಿಕೆಯನ್ನು ವಾಪಸು ಇಸಿದುಕೊಳ್ಳಲು ನಾನು ಕೈ ಚಾಚಿದೆ.

"ಈಕಿ ಅವ್ವ ಹೊಸದಾಗಿ ಬಂದಾಗ ಹೆಂಗ ಸುತ್ತಿದ್ಲು, ಹೇಳೋ!" ಎಂದಳು ಅಜ್ಜಿ.

"ಇದಕ್ಕಿಂತ ಖರಾಬ." ಅಪ್ಪ ನಕ್ಕುಬಿಟ್ಟ. ಮಾಘದ ನಂತರ ಅವ್ವನ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಆಕಿ ಗಂಟು ಬಿಡಿಸೂದ್ರಾಗ ನನ್ನ ಅರ್ಧ ದಿನ ಹೋಗತಿತ್ತು. ಹಂಗ ಬಿಡಿಸ್ಕೋಂತ ಕುಂತಾಗ ಮಾತು ಸುರು ಆದ್ವು ನೋಡು." ಗಂಟು ಬಿಡಿಸುತ್ತಲೇ ನನ್ನತ್ತ ತಿರುಗಿದ. "ನೂಲು ಬಿಗಿ ಹಿಡೀಬೇಕು. ಇನ್ನೊಂದು ಸುತ್ತಿ ತಾ."

ಗುರುವಾರ ಬನಹಟ್ಟಿಯವರು ಚಕ್ಕಡಿ ತಂದರು. ಅಪ್ಪ ಕುಣಿಯಿಂದ ಮೇಲೇಳಲಿಲ್ಲ.

"ಮಗ್ಗದ ಮ್ಯಾಲ ಸೀರಿ ಹಾಸು ಇನ್ನಾ ಉಳದೈತ್ರೀ."

"ಮುಗದ ಮ್ಯಾಲ ಬರೂಣೇನ್ರಿ?"

"ಮುಗದ ಮ್ಯಾಲ ಮತ್ತೊಂದು ಹಾಸು ಹೂಡ್ತೀನ್ರಿ. ಬಂದೀರಿ, ಚಹಾ ಕುಡದ ಹೋಗ್ರಿ."

ಚಕ್ಕಡಿ ಖಾಲಿಯಾಗಿ ಹೋದ ಮೇಲೆ ಪೆಟ್ಟಿಗೆಯ ತಳದಿಂದ ಹಸಿರು ಕುಬಸ ತೆಗೆದು ತೊಟ್ಟುಕೊಂಡು ರಾಟೆಗೆ ಕೂತೆ. ತೋಳು ಇನ್ನೂ ಸ್ವಲ್ಪ ದೊಡ್ಡವು.