ಕೇಳಿಸದೇ ಹೋದ ಪ್ರಶ್ನೆ

ನನ್ನ ಸೋದರಮಾವ ಪುಣೆ ಪಕ್ಕದ ಚಿಂಚವಾಡದಲ್ಲಿರುತ್ತಾರೆ. ವಿಜಯಪುರದಿಂದ ಬಂದು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿ ಸೇರಿದವರು ನಿವೃತ್ತಿಯವರೆಗೂ ಅಲ್ಲೇ ದುಡಿದರು. ಆಮೇಲೆ ಕಾಚಬಿಂದು, ಅಂದರೆ ಗ್ಲಾಕೋಮಾ, ಅವರ ಕಣ್ಣು ತಿನ್ನತೊಡಗಿತು. ಒಳಗಿನ ಒತ್ತಡ ಏರಿ ದೃಷ್ಟಿ ಸದ್ದಿಲ್ಲದೆ ಹೋಗುವ ಕಾಯಿಲೆ ಅದು. ಈಗ ಎಡಗಣ್ಣು ಪೂರ್ತಿ ಕತ್ತಲೆ. ಬಲಗಣ್ಣಿಗೆ ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಕಿಟಕಿ ಎಲ್ಲಿದೆ, ದೀಪ ಹಚ್ಚಿದ್ದಾರೋ ಇಲ್ಲವೋ, ಅಷ್ಟು. ಆ ಅಷ್ಟನ್ನು ಉಳಿಸಿಕೊಳ್ಳುವುದಕ್ಕೆ ತಪ್ಪದೆ ತಪಾಸಣೆಗೆ ಹೋಗಬೇಕು.

ಅವರ ಫೋನು ತೆರೆಯ ಮೇಲಿದ್ದುದನ್ನೆಲ್ಲ ಮರಾಠಿಯಲ್ಲಿ ಓದಿ ಹೇಳುತ್ತದೆ. ಬೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿರುವುದನ್ನು ಹೇಳುತ್ತದೆ, ಎರಡು ಸಲ ತಟ್ಟಿದರೆ ಅದನ್ನು ಒತ್ತಿದ ಹಾಗೆ. ಯಾರ ಕೈಯಲ್ಲೂ ಹೇಳಿಸಿಕೊಳ್ಳದೆ, ಹಟ ಹಿಡಿದು ತಾವೇ ಕಲಿತರು. ಅದು ಮಾತಾಡುವ ವೇಗಕ್ಕೆ ನನಗೆ ಒಂದಕ್ಷರವೂ ಅರ್ಥವಾಗುವುದಿಲ್ಲ.

ನಾನು ಮಗರಪಟ್ಟಾದ ಒಂದು ಕಂಪನಿಯಲ್ಲಿ ಜಾಲತಾಣದ ಪುಟಗಳನ್ನು ಕಟ್ಟುತ್ತೇನೆ. ನಮ್ಮ ಗಿರಾಕಿಗಳಲ್ಲಿ ಮಾಮಾ ಹೋಗುವ ಕಣ್ಣಾಸ್ಪತ್ರೆಯೂ ಒಂದು. ರೋಗಿಗಳು ಡಾಕ್ಟರ ಭೇಟಿಯ ಸಮಯ ಗೊತ್ತುಮಾಡುವ ಪುಟವನ್ನು ನಾನೇ ಬರೆದೆ. ಸುದ್ದಿ ಕೇಳಿದ ಮಾಮಾ ಇಡೀ ಕಾಲೊನಿಗೆ ಹೇಳಿಕೊಂಡು ಬಂದಿದ್ದರು: ‘ನಮ್ಮ ಅಕ್ಕನ ಮಗಳು ಮಾಡ್ಯಾಳ್ರಿ ಅದನ್ನ. ದವಾಖಾನಿದು.’

ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಮಾಮಿ ರೊಟ್ಟಿ ಬಡಿಯುತ್ತ ಮಾತಿಗೆ ಮಾತು ಸೇರಿಸಿ ಅಂದರು: ‘ಮೊನ್ನೆ ಲೋಕಲ್ ಹಿಡದು ದವಾಖಾನಿಗೆ ಹೋಗಿ, ಹಂಗ ತಿರುಗಿ ಬಂದ್ವಿ ನೋಡವಾ.’

‘ಯಾಕ ಮಾಮಿ?’

‘ಅಪಾಯಿಂಟ್‌ಮೆಂಟ್ ರದ್ದಾಗೇದ ಅಂದ್ರು. ಡಾಕ್ಟರು ಇನ್ನ ಎರಡು ವಾರ ಸಿಗಂಗಿಲ್ಲಂತ.’

‘ಯಾರು ರದ್ದು ಮಾಡಿದ್ರು?’

ಹೊರಗಿನ ಕೋಣೆಯಿಂದ ಮಾಮಾ ಜೋರಾಗಿ ಕೆಮ್ಮಿದರು. ಮಾಮಿ ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಡಲಿಲ್ಲ. ‘ನಿಮ್ಮ ಮಾಮಾನ ಮಾಡ್ಯಾರಂತ, ಫೋನಿನ್ಯಾಗ.’

‘ಏ, ಅದೇನ ದೊಡ್ಡ ಮಾತು ಅಂತ ಹೇಳ್ತಿ,’ ಎಂದರು ಮಾಮಾ. ‘ಬೆರಳು ತಪ್ಪಿರಬೇಕು.’

ನಾನು ಅವರ ಎದುರು ಕೂತು, ಹೇಗೆ ಮಾಡಿದಿರಿ ತೋರಿಸಿ ಎಂದೆ. ಬೇಡ ಬೇಡ ಎನ್ನುತ್ತಲೇ ಫೋನು ಎತ್ತಿಕೊಂಡು, ನನಗೆ ತಿಳಿಯಲೆಂದು ಅದರ ಮಾತಿನ ವೇಗ ತಗ್ಗಿಸಿದರು. ಹೊಸ ಭೇಟಿಯ ಸಂದೇಶ ಬಂದಿತ್ತು. ಅದನ್ನು ತೆರೆದರು. ನಾನು ಕಟ್ಟಿದ ಪುಟ ಬಂತು. ಬೆರಳು ಜಾರಿಸುತ್ತ ಹೋದ ಹಾಗೆ ಫೋನು ಡಾಕ್ಟರ ವಿಭಾಗ ಹೇಳಿತು, ತಾರೀಖು ಹೇಳಿತು, ಆಮೇಲೆ ‘ಬಟನ್’ ಎಂದಿತು. ಯಾವುದರ ಬಟನ್ ಎಂದು ಹೇಳಲಿಲ್ಲ.

‘ಇದನ್ನ ಒತ್ತಿದೆ,’ ಎಂದರು ಮಾಮಾ. ‘ಇದು ಏನಂತ ನೋಡೂಣಂತ.’

ಒತ್ತಿದರು. ನನ್ನ ಕಣ್ಣೆದುರು ತೆರೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಂಡಿತು. ಭೇಟಿಯನ್ನು ರದ್ದು ಮಾಡಬೇಕೇ ಎಂಬ ಪ್ರಶ್ನೆ ದಪ್ಪ ಅಕ್ಷರದಲ್ಲಿತ್ತು. ಫೋನು ತುಟಿ ಪಿಟಕ್ಕೆನ್ನಲಿಲ್ಲ. ಮಾಮಾ ಬೆರಳನ್ನು ತೆರೆಯ ಕೆಳಭಾಗದಲ್ಲಿ ಆಡಿಸಿದರು. ‘ಹೋಯ್, ಬಟನ್’ ಎಂದಿತು ಫೋನು. ‘ನಾಹೀ, ಬಟನ್.’ ಹೌದು, ಇಲ್ಲ.

‘ಬರ್ತೀರೇನು ಅಂತ ಕೇಳ್ಲಿಕತ್ತಾರ ಅಂದುಕೊಂಡೆ,’ ಎಂದರು ಮಾಮಾ. ‘ಬರಾಂವನ ಇದ್ನಲ್ಲ, ಹೌದು ಅಂದೆ.’

ಅವರ ಬೆರಳು ಮತ್ತೆ ಹೌದಿನ ಮೇಲೇ ಇತ್ತು. ನಾನು ಚೀರಿದ ಹಾಗೆ ಕೂಗಿ ಕೈ ಹಿಡಿದೆ. ಮಾಮಿ ಒಲೆ ಬಿಟ್ಟು ಓಡಿ ಬಂದರು.

ಆ ಪ್ರಶ್ನೆಯನ್ನು ಬರೆದವಳು ನಾನು. ಪೆಟ್ಟಿಗೆ ತೆರೆದ ಕೂಡಲೇ ಫೋನು ಅದನ್ನು ತಾನಾಗಿ ಓದಿ ಹೇಳುವಂಥ ಗುರುತು ಹಾಕಿ ಬರೆದಿದ್ದೆ. ಆ ಹೆಸರಿಲ್ಲದ ಬಟನ್ನಿಗೆ ‘ಭೇಟಿ ರದ್ದುಮಾಡಿ’ ಎಂಬ ಹೆಸರನ್ನೂ ಕೊಟ್ಟಿದ್ದೆ. ಕಣ್ಣಿಗೆ ಅದೊಂದು ಗುಣಾಕಾರದ ಚಿಹ್ನೆ, ಕಿವಿಗೆ ಹೆಸರು. ಎರಡೂ ಎಲ್ಲಿ ಹೋದವು?

‘ಮಾಮಾ, ನನಗ ಯಾಕ ಹೇಳಲಿಲ್ಲ ನೀವು?’

ಅವರು ಫೋನನ್ನು ಮಡಿಲಿಗಿಟ್ಟುಕೊಂಡು ಅಂದರು: ‘ನೀ ಕಷ್ಟಪಟ್ಟು ಮಾಡಿದ್ದು. ಅದರಾಗ ತಪ್ಪದ ಅಂತ ಹೆಂಗ ಹೇಳಲಿ, ಮಗಳ?’

ಸೋಮವಾರ ಕಚೇರಿಗೆ ಹೋದವಳೇ, ನಾನು ಬರೆದ ಪುಟವನ್ನೂ ಜನರಿಗೆ ತಲುಪಿದ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಬಟನ್, ಯಾವುದು ಉತ್ತರ ಬೇಡುವ ಪ್ರಶ್ನೆ ಎಂದು ಬ್ರೌಸರಿಗೆ ಹೇಳಲು ಎಚ್‌ಟಿಎಂಎಲ್‌ನಲ್ಲಿ ಟ್ಯಾಗುಗಳಿವೆ. ಹೊಸ ಮಾನದಂಡದಲ್ಲಿ ಇಂಥ ಪ್ರಶ್ನೆಪೆಟ್ಟಿಗೆಗೆಂದೇ ಒಂದು ಟ್ಯಾಗು ಬಂದಿದೆ, ಬ್ರೌಸರುಗಳೆಲ್ಲ ಅದನ್ನು ಒಪ್ಪಿಕೊಂಡು ಎಷ್ಟೋ ಕಾಲವಾಗಿದೆ. ನಾನು ಅದನ್ನೇ ಬಳಸಿದ್ದೆ. ಜನರಿಗೆ ತಲುಪಿದ ಪುಟದಲ್ಲಿ ಅದು ಇರಲೇ ಇಲ್ಲ. ಅದರ ಜಾಗದಲ್ಲಿ ಏನೆಂದು ಗುರುತಿಲ್ಲದ ಒಂದು ಡಬ್ಬಿ. ಬಟನ್ನಿಗೆ ಕೊಟ್ಟ ಹೆಸರೂ ಮಾಯ.

ಕಿತ್ತುಹಾಕಿದ್ದು ನಮ್ಮ ಎಡಿಟರ್. ನಮ್ಮ ಕಂಪನಿಯದೇ ಇನ್ನೊಂದು ವಿಭಾಗ ಎಂದೋ ತಯಾರಿಸಿದ ಸಲಕರಣೆ ಅದು. ಎಲ್ಲ ಪುಟಗಳನ್ನೂ ಅದರಲ್ಲೇ ಬರೆಯಬೇಕು. ಹೊಸ ಟ್ಯಾಗುಗಳ ಕೆಳಗೆ ಅದು ಕೆಂಪು ಗೆರೆ ಎಳೆಯುವುದು ನಮಗೆಲ್ಲ ಗೊತ್ತಿತ್ತು. ಅಷ್ಟಕ್ಕೇ ಬಿಡುತ್ತದೆ ಎಂದುಕೊಂಡಿದ್ದೆವು. ಪ್ರಕಟಿಸುವ ಹೊತ್ತಿಗೆ ತನಗೆ ತಿಳಿಯದ್ದನ್ನೆಲ್ಲ ಕಸವೆಂದು ಗುಡಿಸಿ ಹಾಕುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಮೇಜಿನ ಬೆಂಗಳೂರಿನ ಹುಡುಗನಿಗೆ ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. ‘ಅಯ್ಯೋ, ಪಬ್ಲಿಶ್ ಆದ್ಮೇಲೆ ಆ ಬಾಕ್ಸ್ ಓಪನ್ ಆಗ್ತಿಲ್ಲ ಅಂತ ನಾನೇ ಫಿಕ್ಸ್ ಮಾಡಿದ್ದು. ಸ್ಕ್ರೀನ್‌ನಲ್ಲಿ ಸರಿಯಾಗಿ ಕಾಣ್ತಿತ್ತಲ್ಲ, ಆಯ್ತು ಅಂದ್ಕೊಂಡೆ.’ ತಪ್ಪು ಅವನದಲ್ಲ. ನಾವೆಲ್ಲರೂ ಕಣ್ಣಿಂದಲೇ ಪರೀಕ್ಷಿಸಿದ್ದೆವು, ಕಣ್ಣಾಸ್ಪತ್ರೆಯ ಪುಟವನ್ನು.

ಆಸ್ಪತ್ರೆಯವರಿಗೆ ಹೇಳಿ ರದ್ದು ಮಾಡುವ ಬಟನ್ನನ್ನೇ ಅಂದು ಪುಟದಿಂದ ತೆಗೆಸಿದೆವು. ಆಮೇಲೆ, ಎಡಿಟರ್ ಹೊಸ ಮಾನದಂಡವನ್ನು ಒಪ್ಪಬೇಕು, ಕನಿಷ್ಠ ಪಕ್ಷ ತಿಳಿಯದ್ದನ್ನು ಅಳಿಸಬಾರದು ಎಂದು ಆ ವಿಭಾಗಕ್ಕೆ ಕೋರಿಕೆ ಸಲ್ಲಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು: ಅಗತ್ಯ ಕಾಣುವುದಿಲ್ಲ, ಕೋರಿಕೆ ಮುಚ್ಚಲಾಗಿದೆ.

ಮೂರು ಸಲ ಓದಿದೆ. ನಂತರ ರಸ್ತೆ ದಾಟಿ ಅವರ ಕಟ್ಟಡಕ್ಕೇ ಹೋದೆ.

ಆ ವಿಭಾಗದ ಮುಖ್ಯಸ್ಥೆ ನನಗಿಂತ ಹಿರಿಯರು, ಪುಣೆಯವರೇ, ಮೆತ್ತನೆಯ ಮಾತು. ಕೂರಿಸಿ ನೀರು ಕೊಟ್ಟರು. ಎಲ್ಲ ಕೇಳಿದ ಮೇಲೆ ಮರಾಠಿಯಲ್ಲಿ, ಇಷ್ಟು ವರ್ಷದಲ್ಲಿ ಒಬ್ಬರೂ ತಕ್ರಾರು ಮಾಡಿಲ್ಲ ಎಂದರು. ಅದು ಹಳೆಯ ಸಲಕರಣೆ, ಮುಟ್ಟಿದರೆ ಬೇರೆ ಏನಾದರೂ ಮುರಿಯುತ್ತದೆ. ಕೊನೆಗೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬ ದನಿಯಲ್ಲೇ ಕೇಳಿದರು: ‘ಅಸೇ ಲೋಕ ಕಿತೀ ಅಸತೀಲ?’ ಅಂಥ ಜನ ಎಷ್ಟಿದ್ದಾರು?

ಕೆಟ್ಟ ಹೆಂಗಸಾಗಿದ್ದರೆ ಜಗಳವಾಡಬಹುದಿತ್ತು. ಎದ್ದು ಬಂದೆ.

ಮಾಮಾಗೆ ಫೋನು ಮಾಡಿ, ಒಮ್ಮೆ ಮಗರಪಟ್ಟಾಕ್ಕೆ ಬಂದು ನಿಮ್ಮ ಕಷ್ಟ ಅವರಿಗೆ ತೋರಿಸುತ್ತೀರಾ ಎಂದು ಕೇಳಿದೆ.

‘ನಾ ಯಾಕ ಬರಲಿ?’ ಎಂದರು. ‘ಕುರುಡ ಹೆಂಗ ತಡಕಾಡ್ತಾನ ಅಂತ ತೋರಿಸಲಿಕ್ಕ? ಅದೆಲ್ಲ ಆಗಂಗಿಲ್ಲ. ಅವರ ಕಡೆನ ಮಾಡಸು.’

ಸಿಟ್ಟಿನಲ್ಲೇ ಹೇಳಿದ್ದರು. ಆದರೆ ಅದನ್ನೇ ಮಾಡಿದೆ. ಪರೀಕ್ಷೆಗೆಂದು ಇಟ್ಟಿದ್ದ ಹಳೆಯ ಪುಟವನ್ನು ನನ್ನ ಫೋನಿನಲ್ಲಿ ತೆರೆದು, ಓದಿ ಹೇಳುವ ಸೌಲಭ್ಯ ಹಾಕಿ, ತೆರೆಯನ್ನು ಪೂರ್ತಿ ಕಪ್ಪು ಮಾಡಿ ಮತ್ತೆ ಆ ಮುಖ್ಯಸ್ಥೆಯ ಕೋಣೆಗೆ ಹೋದೆ. ಬೆರಳು ಜಾರಿಸುವುದು, ತಟ್ಟುವುದು ಹೇಗೆಂದು ಹೇಳಿಕೊಟ್ಟು, ನಿಮ್ಮ ಭೇಟಿ ಯಾವಾಗ ಇದೆ ನೋಡಿ ಮ್ಯಾಡಮ್ ಎಂದೆ.

ಅವರು ನಗುತ್ತ ಫೋನು ತೆಗೆದುಕೊಂಡರು. ತಾರೀಖು ಕೇಳಿಸಿತು. ಮುಂದೆ ಜಾರಿಸಿದರು. ‘ಬಟನ್.’ ಹುಬ್ಬು ಗಂಟಿಕ್ಕಿ ಎರಡು ಸಲ ತಟ್ಟಿದರು. ಏನೂ ಕೇಳಿಸಲಿಲ್ಲ. ಬೆರಳು ಅತ್ತಿತ್ತ ಅಲೆದಾಡಿತು. ‘ಹೋಯ್, ಬಟನ್.’ ತಟ್ಟಿದರು.

‘ಝಾಲಂ,’ ಎಂದರು. ಆಯಿತು.

ನಾನು ತೆರೆಯ ಬೆಳಕು ಹಚ್ಚಿದೆ. ನಿಮ್ಮ ಭೇಟಿ ರದ್ದಾಗಿದೆ ಎಂದು ಬರೆದಿತ್ತು.

ಅವರು ಅದನ್ನೇ ನೋಡುತ್ತ ಕೂತರು. ಕಿವಿಯವರೆಗೂ ಕೆಂಪೇರಿತು. ‘ಆದರೆ ನಾನು ಏನನ್ನೂ ರದ್ದು ಮಾಡಲಿಲ್ಲವಲ್ಲ,’ ಎಂದರು ಮರಾಠಿಯಲ್ಲಿ, ಯಾರೋ ತಮ್ಮ ಮೇಲೆ ಆರೋಪ ಹೊರಿಸಿದ ಹಾಗೆ. ‘ಮೀ ಕಾಹೀಚ ರದ್ದ ಕೇಲಂ ನಾಹೀ.’ ನನ್ನ ಮಾಮಾನೂ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ಇದೇ ಮಾತು ಹೇಳಿರಬೇಕು ಎನಿಸಿತು.

ಮುಚ್ಚಿದ ಕೋರಿಕೆಯನ್ನು ಅವರು ಅಲ್ಲೇ, ನನ್ನೆದುರಿಗೇ ತೆರೆದರು.

ಎರಡು ವಾರದ ಮೇಲೆ ಮಾಮಾನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ಏರಿದೆ ಎಂದು ಹೇಳಿ ಡಾಕ್ಟರು ಹನಿಮದ್ದು ಬದಲಿಸಿದರು. ಮುಂಚೆಯೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಹೊರಗೆ ಬಂದು ರಿಕ್ಷಾ ಹತ್ತುವಾಗ ಮಾಮಾ ಮುಖ ಮೇಲೆತ್ತಿ, ‘ಬಿಸಲು ಭಾಳ ಅದ ಇವತ್ತು,’ ಎಂದರು. ಅವರಿಗೆ ಇನ್ನೂ ಬಿಸಿಲು ಕಾಣುತ್ತದೆ ಎಂದು ಮಾಮಿಗೆ ಫೋನು ಮಾಡಿ ಹೇಳಿದೆ.

ಎಡಿಟರಿನ ಹೊಸ ಆವೃತ್ತಿ ಕೆಲವು ತಿಂಗಳಲ್ಲಿ ಬಂತು. ಪ್ರಶ್ನೆಪೆಟ್ಟಿಗೆಯ ಟ್ಯಾಗನ್ನು ಈಗ ಅದು ಗುರುತಿಸುತ್ತದೆ. ಗುರುತಿಸದ್ದನ್ನು ಮುಟ್ಟದೆ ಬಿಡುತ್ತದೆ. ಆಸ್ಪತ್ರೆಯ ಪುಟದಲ್ಲಿ ಬಟನ್ನು ವಾಪಸು ಬಂದಿದೆ, ಹೆಸರಿನ ಸಮೇತ. ಇಷ್ಟಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಾಗ ಮುಖ್ಯಸ್ಥೆ ಫೋನು ಮಾಡಿ ಒಂದು ಮಾತು ಹೇಳಿದರು. ಈಗಾಗಲೇ ಪ್ರಕಟವಾದ ಪುಟಗಳು ತಾವಾಗಿ ಸರಿಹೋಗುವುದಿಲ್ಲ. ಒಂದೊಂದನ್ನೂ ತೆರೆದು ಮತ್ತೆ ಪ್ರಕಟಿಸಬೇಕು. ಔಷಧದಂಗಡಿ, ಶಾಲೆಯ ಪ್ರವೇಶ, ಬಸ್ಸಿನ ಮುಂಗಡ ಟಿಕೆಟ್ಟು, ಎಲ್ಲವೂ ಅದೇ ಸಲಕರಣೆಯಿಂದ ಹೊರಟ ಪುಟಗಳು. ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ.

ಯಾವ ಊರಿನಲ್ಲಿ ಯಾರು ಯಾವ ಪ್ರಶ್ನೆಗೆ ಹೌದು ಎಂದಿದ್ದಾರೋ ಎಂದುಕೊಂಡೆ. ಬುಧವಾರಗಳಂದು ಮಧ್ಯಾಹ್ನ ಈಗ ಆ ಮುಖ್ಯಸ್ಥೆ ನಮ್ಮ ಕಟ್ಟಡಕ್ಕೆ ಬರುತ್ತಾರೆ. ಇಬ್ಬರೂ ಪಕ್ಕಪಕ್ಕ ಕೂತು ತೆರೆಗಳನ್ನು ಕಪ್ಪು ಮಾಡಿ ಒಂದೊಂದೇ ಪುಟ ಕೇಳುತ್ತ ಹೋಗುತ್ತೇವೆ. ಇನ್ನೂ ಮುಗಿದಿಲ್ಲ.